ಹತೀಜೆಯ ಮಗ ದುರ್ಸುನ್

೧೯೮೪ ಡಿಸೆಂಬರ್ ೨೩, ಭಾನುವಾರ

ಬಸ್ಸು ಇವತ್ತೂ ಬರಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದೆ ಎನ್ನುತ್ತಾರೆ ಗ್ರಾಮ ಕಚೇರಿಯವರು. ದಾರಿ ಮುಚ್ಚಿರುವುದು ಹಿಮವಲ್ಲ, ಸೈನ್ಯ ಎನ್ನುತ್ತಾನೆ ಪಕ್ಕದ ಮನೆಯ ಯಾಶಾರ್. ಅವನು ಸಹಕಾರ ಸಂಘದ ಟ್ರ್ಯಾಕ್ಟರ್ ಓಡಿಸುವವನು, ಚಿಕ್ಕಂದಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಸುದ್ದಿಗೆ ರೆಕ್ಕೆಪುಕ್ಕ ಕಟ್ಟುವುದು ಅವನ ಹಳೆಯ ಚಾಳಿ. ಬೆಟ್ಟದಾಚೆಯ ಊರುಗಳಲ್ಲಿ ನಮ್ಮ ತುರ್ಕರನ್ನೆಲ್ಲ ಒಬ್ಬೊಬ್ಬರನ್ನಾಗಿ ಕಚೇರಿಗೆ ಕರೆಸಿ ಹೆಸರು ತೆಗೆದು ಬಲ್ಗೇರಿಯನ್ ಹೆಸರು ಇಡುತ್ತಿದ್ದಾರಂತೆ. ಒಳಗೆ ಹೋಗುವಾಗ ಹಸನ್, ಹೊರಗೆ ಬರುವಾಗ ಹ್ರಿಸ್ತೊ. ಒಪ್ಪದವರನ್ನು ಹಿಮದಲ್ಲಿ ನಿಲ್ಲಿಸುತ್ತಾರಂತೆ.

ಒಲೆಯ ಪಕ್ಕ ಕೂತು ತಂಬಾಕಿನ ಎಲೆ ವಿಂಗಡಿಸುತ್ತಿದ್ದ ಅಪ್ಪ ತಲೆಯನ್ನೂ ಎತ್ತದೆ, ಹೆಸರೇನು ಕುರಿಯ ಕಿವಿಗೆ ಹೊಡೆಯುವ ಬಿಲ್ಲೆಯೇ, ಕಿತ್ತು ಇನ್ನೊಂದು ಹೊಡೆಯಲಿಕ್ಕೆ ಎಂದರು. ನನ್ನ ಹೆಂಡತಿ ನುರಿಯೆ ನಕ್ಕಳು. ನಾನು ನಗಲಿಲ್ಲ. ಈ ಊರಿನ ಮಕ್ಕಳಿಗೆ ಇಷ್ಟು ವರ್ಷ ಬಲ್ಗೇರಿಯನ್ ಭಾಷೆ ಕಲಿಸಿದ್ದೇನೆ, ಕಮ್ಯುನಿಸ್ಟ್ ಪಕ್ಷದ ಸದಸ್ಯನೂ ಆಗಿದ್ದೇನೆ. ಸರ್ಕಾರಕ್ಕೆ ಹುಚ್ಚು ಹಿಡಿದಿದೆ ಎಂದು ಟ್ರ್ಯಾಕ್ಟರಿನವನೊಬ್ಬ ಹೇಳಿದರೆ ನಂಬುವವನು ನಾನಲ್ಲ.

ಆದರೂ ಈ ಪುಸ್ತಕ ತೆಗೆದು ಬರೆಯಲು ಕೂತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ. ಶಾಲೆಯಲ್ಲಿ ಬಾಯಿ ಬಿಡುವ ಹಾಗಿಲ್ಲ, ಮನೆಯಲ್ಲಿ ಬಿಟ್ಟರೆ ಇವರಿಬ್ಬರೂ ನಗುತ್ತಾರೆ.

ಡಿಸೆಂಬರ್ ೨೮, ಶುಕ್ರವಾರ

ಯಾಶಾರ್ ಹೇಳಿದ್ದು ನಿಜ. ಪಕ್ಷದ ಕಾರ್ಯದರ್ಶಿ ಕೋಲೆವ್ ನನ್ನನ್ನು ಕಚೇರಿಗೆ ಕರೆಸಿ, ಬಾಗಿಲು ಹಾಕಿ, ಎಲ್ಲವನ್ನೂ ಹೇಳಿದ. ತುರ್ಕರೆಂಬುವರು ಈ ದೇಶದಲ್ಲಿ ಇಲ್ಲವೇ ಇಲ್ಲ, ನಾವೆಲ್ಲ ಹಿಂದೆ ಬಲ್ಗೇರಿಯನ್ನರೇ ಆಗಿದ್ದವರು, ಈಗ ಮೂಲಕ್ಕೆ ಮರಳುತ್ತಿದ್ದೇವಂತೆ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಮುಂದಿನ ವಾರ ನಮ್ಮ ಊರಿನ ಸರದಿ. ಮೇಜಿನ ಮೇಲೆ ಬಲ್ಗೇರಿಯನ್ ಹೆಸರುಗಳ ಅಚ್ಚಾದ ಪಟ್ಟಿಯಿತ್ತು. ಯಾರಿಗೆ ಯಾವುದು ಕೈಗೆ ಸಿಕ್ಕುತ್ತದೋ ಅದು. ಆಚೆ ಊರಿನಲ್ಲಿ ಒಂದು ಓಣಿಗೆ ಓಣಿಯೇ ಇವಾನ್ ಆಗಿದೆಯಂತೆ, ಬರೆಯುವವನಿಗೆ ಬೇಸರವಾಗಿ.

ನನಗೆ ಅವಮಾನಕ್ಕಿಂತ ಮೊದಲು ಸಿಟ್ಟು ಬಂತು. ಮಾಡುವ ಕೆಲಸವನ್ನಾದರೂ ನೆಟ್ಟಗೆ ಮಾಡಬಾರದೇ? ನಮ್ಮ ಹೆಸರುಗಳಿಗೆ ಒಂದೊಂದಕ್ಕೂ ಅರ್ಥವಿದೆ, ಹುಟ್ಟಿಗೊಂದು ಕಾರಣವಿದೆ ಎಂದೆ. ಅರಬ್ಬಿಯಿಂದ ಬಂದವು ಕೆಲವು, ಪಾರಸಿಯಿಂದ ಕೆಲವು, ನಮ್ಮ ಹಳ್ಳಿಗಾಡಿನ ತಾಯಂದಿರು ಅಡುಗೆಮನೆಯ ಮಾತಿನಲ್ಲೇ ಕಟ್ಟಿದವು ಕೆಲವು. ಕೋಲೆವ್‌ಗೆ ಕುತೂಹಲವಾಯಿತು, ಉದಾಹರಣೆ ಕೇಳಿದ. ನಮ್ಮಪ್ಪನ ಹೆಸರನ್ನೇ ಹೇಳಿದೆ. ದುರ್ಸುನ್ ಎಂದರೆ 'ನಿಲ್ಲಲಿ', 'ಉಳಿಯಲಿ'. ಅಜ್ಜಿ ಹತೀಜೆಗೆ ಅಪ್ಪನಿಗಿಂತ ಮೊದಲು ಹುಟ್ಟಿದ್ದೆಲ್ಲ ಸತ್ತವು. ಇದಾದರೂ ನಿಲ್ಲಲಿ ಎಂದು ಇಟ್ಟ ಹೆಸರು. ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಬಲ್ಗೇರಿಯನ್ನರಲ್ಲಿ ಸ್ತೋಯಾನ್ ಎಂಬ ಹೆಸರಿದೆಯಲ್ಲ, ಅದರ ಅರ್ಥವೂ ಅದೇ, ಅವರೂ ಮಕ್ಕಳು ಉಳಿಯದ ಮನೆಯಲ್ಲೇ ಅದನ್ನು ಇಡುತ್ತಾರೆ.

ಕೋಲೆವ್ ಕುರ್ಚಿ ಮುಂದೆ ಎಳೆದುಕೊಂಡು ಕೂತ. ಆಮೇಲೆ ಅದೊಂದು ಆಟವೇ ಆಯಿತು. ದೆಮಿರ್ ಎಂದರೆ ಕಬ್ಬಿಣ, ಅವರಲ್ಲಿ ಝೆಲ್ಯಾಜ್ಕೊ. ಯಾಶಾರ್ ಎಂದರೆ ಬದುಕುವವನು, ಅವರಲ್ಲಿ ಝಿವ್ಕೊ. ನನ್ನ ನುರಿಯೆ ಅರಬ್ಬಿಯ ಬೆಳಕು, ಅವರಲ್ಲಿ ಸ್ವೆತ್ಲಾ. ಹಿಂದಿನ ಓಣಿಯ ಮುದುಕಿ ಯೆತೆರ್ ಹೆಣ್ಣುಮಕ್ಕಳ ಸಾಲಿನಲ್ಲಿ ಕೊನೆಯವಳಾಗಿ ಹುಟ್ಟಿ 'ಸಾಕು' ಎನ್ನಿಸಿಕೊಂಡವಳು. ಅದನ್ನು ಕೇಳಿ ಕೋಲೆವ್ ಬಿದ್ದು ಬಿದ್ದು ನಕ್ಕ.

"ನಮ್ಮಜ್ಜಿ ಹೆಸರು ದೋಸ್ತಾ ಕಣ್ರೀ ಮೇಷ್ಟ್ರೇ. ಅದರ ಅರ್ಥಾನೂ ಸಾಕು ಅಂತಲೇ."

ಕಾಫಿ ತರಿಸಿದ. ಸಂಜೆಯವರೆಗೂ ಕೂತು ಊರಿನವರ ಹೆಸರಿಗೆಲ್ಲ ಜೋಡಿ ಹುಡುಕಿದೆ. ಬರುವುದು ಬಂದೇ ಬರುತ್ತದೆ. ಸದ್ದು ಹೋದರೆ ಹೋಗಲಿ, ಅರ್ಥವಾದರೂ ಉಳಿಯುತ್ತದೆ. ಬೇರೆ ಯಾವ ಊರಿಗೂ ಸಿಗದ ಭಾಗ್ಯ ಇದು. ನನ್ನ ಹೆಸರಿಗೆ ಮಾತ್ರ ಜೋಡಿ ಸಿಗಲಿಲ್ಲ. ಸಬ್ರಿ ಎಂದರೆ ತಾಳ್ಮೆಯವನು. ತಾಳ್ಮೆಗೆ ಅವರಲ್ಲಿ ಹೆಸರಿಲ್ಲ. ಮೊದಲ ಅಕ್ಷರ ನೋಡಿ ಸಾವಾ ಎಂದು ಬರೆದುಕೊಂಡ.

೧೯೮೫ ಜನವರಿ ೪, ಶುಕ್ರವಾರ

ಮುಗಿಯಿತು. ಬೆಳಗಿನ ಜಾವಕ್ಕೇ ಲಾರಿಗಳು ಬಂದವು. ಟೆಲಿಫೋನ್ ತಂತಿ ಕತ್ತರಿಸಿದ್ದರು. ಎರಡೂ ದಾರಿಗೆ ಸೈನಿಕರು, ಅವರ ನಾಯಿಗಳು. ಶಾಲೆಯಲ್ಲೇ, ನನ್ನ ತರಗತಿಯಲ್ಲೇ, ಮೇಜು ಹಾಕಿದರು. ನಾನು ಕೋಲೆವ್‌ನ ಪಕ್ಕ ಕೂತು ಒಬ್ಬೊಬ್ಬರ ಹೆಸರಿಗೂ ಜೋಡಿ ಹೆಸರು ಹೇಳಿದೆ, ಅವರು ಸಹಿ ಹಾಕಿದರು ಇಲ್ಲವೇ ಹೆಬ್ಬೆಟ್ಟು ಒತ್ತಿದರು. ನಮ್ಮ ಊರಿನಲ್ಲಿ ಯಾರನ್ನೂ ಹಿಮದಲ್ಲಿ ನಿಲ್ಲಿಸಲಿಲ್ಲ. ಅದಕ್ಕೆ ಒಬ್ಬನಾದರೂ ನನಗೆ ಕೃತಜ್ಞನಾಗಿರಬೇಕಿತ್ತು.

ಮಸೀದಿಯ ಹೊಜಾ ಒಬ್ಬರು ಮಾತ್ರ ಒಪ್ಪಲಿಲ್ಲ. ಊರಿನ ಮಕ್ಕಳಿಗೆಲ್ಲ ಕಿವಿಯಲ್ಲಿ ಹೆಸರು ಹೇಳಿ ನಾಮಕರಣ ಮಾಡಿದವರು, ಸತ್ತವರನ್ನು ಮಣ್ಣು ಮಾಡಿದವರು. ಅವರನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಎಲ್ಲಿಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಯೆತೆರಜ್ಜಿ ಕೋಲು ಊರಿಕೊಂಡು ಬಂದು ತನ್ನ ಹೊಸ ಹೆಸರೇನು ಎಂದು ಕೇಳಿದಳು. ದೋಸ್ತಾ ಎಂದೆ. ಹಾಗೆಂದರೇನು ಎಂದಳು. ಅರ್ಥ ಬದಲಾಗಿಲ್ಲ ಅಜ್ಜಿ, ಅದೇ 'ಸಾಕು' ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹುಟ್ಟಿದ ದಿನ ನಮ್ಮಪ್ಪ ನನ್ನ ಮುಖ ನೋಡಿ ಸಾಕು ಅಂದ. ಜನ್ಮ ಎಲ್ಲಾ ಹಂಗೇ ಕರೆಸ್ಕೊಂಡೆ. ಇವತ್ತು ಸರ್ಕಾರವೇ ಬಂದು ಹೆಸರು ಬದಲಾಯಿಸ್ತೀನಿ ಅಂತಿದೆ. ಗುಲಾಬಿ ಅಂತ ಒಂದು ಇಡಬಾರದಾಗಿತ್ತೇನೋ? ಅವರ ಭಾಷೇಲೂ ಹುಡುಕಿ ಹುಡುಕಿ ಸಾಕು ಅಂತಲೇ ತಂದ್ಯಲ್ಲೋ ಮೇಷ್ಟ್ರೇ."

ಸಾಲಿನಲ್ಲಿ ನಿಂತವರು ಆ ಹೊತ್ತಿನಲ್ಲೂ ನಕ್ಕರು. ಕೋಲೆವ್ ಏನಂತೆ ಎಂದು ಕೇಳಿದ. ಸಂತೋಷವಾಗಿದೆಯಂತೆ ಎಂದೆ.

ಯಾಶಾರ್ ಏನೂ ಕೇಳಲಿಲ್ಲ. ಝಿವ್ಕೊ ಎಂದು ಬರೆದಲ್ಲಿ ಸಹಿ ಹಾಕಿ, ಪೆನ್ನು ಮುಚ್ಚಿಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿದ.

"ಆಚೆ ಊರಲ್ಲಿ ಕೈಗೆ ಸಿಕ್ಕಿದ್ದನ್ನ ಹೊದಿಸಿ ಕಳಿಸಿದ್ರಂತೆ. ನೀನು ನಮಗೆ ಅಳತೆ ತಗೊಂಡು ಹೊಲಿದಿದೀಯ ಸಬ್ರಿ. ಅವರದ್ದನ್ನ ನಾಳೆ ಬಿಚ್ಚಿ ಎಸೀಬಹುದು. ನಮ್ಮದು ಮೈಗೆ ಅಂಟ್ಕೊಳುತ್ತೆ."

ಮಾತು ಚುಚ್ಚುವ ಹಾಗೆ ಆಡುವುದರಲ್ಲಿ ಅವನು ಮೊದಲಿಂದಲೂ ಜಾಣ. ಓದಿದ್ದರೆ ವಕೀಲನಾಗುತ್ತಿದ್ದ.

ನುರಿಯೆ ಬಂದು ಸಹಿ ಹಾಕಿ ಹೋದಳು. ಅಪ್ಪನಿಗೆ ಎದೆಯ ಕಾಯಿಲೆ, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದು ಹೇಳಿ ಅವರ ಪರವಾಗಿ ನಾನೇ ಸಹಿ ಹಾಕಿದೆ.

ಜನವರಿ ೭, ಸೋಮವಾರ

ಮನೆಗೆ ಹೊಸ ಗುರುತಿನ ಚೀಟಿಗಳು ಬಂದವು. ನುರಿಯೆ ತನ್ನದನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಈ ಮನೆಯಲ್ಲಿ ಇನ್ನು ಇಬ್ಬರು ಹೆಂಡಿರು, ರೊಟ್ಟಿ ಯಾರು ಸುಡಬೇಕೆಂದು ನೀವೇ ಹೇಳಿ ಎಂದಳು. ಇಬ್ಬರೂ ಸುಡಿ, ಹೊಟ್ಟೆ ತುಂಬ ತಿನ್ನುತ್ತೇನೆ ಎಂದೆ. ತುಂಬ ದಿನದ ಮೇಲೆ ಇಬ್ಬರೂ ನಕ್ಕೆವು. ಅಪ್ಪ ತನ್ನ ಚೀಟಿಯನ್ನು ಮುಟ್ಟಲಿಲ್ಲ.

ಜನವರಿ ೧೬, ಬುಧವಾರ

ಅಪ್ಪನಿಗೆ ಇವತ್ತು ಉಸಿರಾಟ ತುಸು ಹಗುರವಾಗಿತ್ತು. ದಿಂಬಿಗೆ ಒರಗಿಸಿ ತರ್ಹಾನ ಗಂಜಿ ಕುಡಿಸುವಾಗ, ಅಷ್ಟು ದಿನ ಬಿಗಿದ ಬಾಯಿ ತೆರೆದರು. ತನ್ನನ್ನು ಏನೆಂದು ಮಾಡಿದ್ದೀಯ ಎಂದು ಕೇಳಿದರು. ಸ್ತೋಯಾನ್ ಎಂದೆ. ಅರ್ಥದ ಒಂದು ಕೂದಲೂ ಕೊಂಕಿಲ್ಲ ಅಪ್ಪ, ಅಜ್ಜಿ ಬೇಡಿಕೊಂಡದ್ದನ್ನೇ ಬೇರೆ ಭಾಷೆಯಲ್ಲಿ ಹೇಳಿದಂತೆ ಎಂದು ವಿವರಿಸಿದೆ. ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದೆ.

"ನಮ್ಮಮ್ಮ ನನ್ನನ್ನ ಅರ್ಥ ಹಿಡಿದು ಕೂಗಲಿಲ್ಲ ಮಗಾ. ದುರ್ಸುನ್ ಅಂತ ಕೂಗಿದಳು. ಹೊಲದ ಆ ತುದಿಯಿಂದ ಕೂಗಿದ್ರೂ ನನಗೆ ಕೇಳಿಸ್ತಿತ್ತು."

ಮುದುಕರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ. ಇನ್ನೊಂದು ಚಮಚ ಗಂಜಿ ಹಿಡಿದೆ. ಆಗ ಅವರು ನಿಜವಾಗಿ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದರು. ಅವರಿಗೆ ಚಿಂತೆ ಬದುಕಿನದ್ದಲ್ಲ, ಮಣ್ಣಿನದ್ದು. ನಮ್ಮಲ್ಲಿ ಹೆಣ ಮಣ್ಣು ಮಾಡಿ ಜನ ಹಿಂತಿರುಗಿದ ಮೇಲೆ ಒಬ್ಬರು ಗೋರಿಯ ತಲೆಯ ಹತ್ತಿರ ಉಳಿಯುತ್ತಾರೆ. ಸತ್ತವನನ್ನು ಅವನ ತಾಯಿಯ ಹೆಸರು ಸೇರಿಸಿ ಕೂಗಿ ಎಬ್ಬಿಸುತ್ತಾರೆ. ದೇವದೂತರು ಬಂದು ಪ್ರಶ್ನೆ ಕೇಳುತ್ತಾರೆ, ಹೆದರಬೇಡ, ಉತ್ತರ ಇದು ಎಂದು ಹೇಳಿಕೊಡುತ್ತಾರೆ. ಅದು ಹೊಜಾ ಮಾಡುವ ಕೆಲಸ. ಹೊಜಾ ಈಗ ಎಲ್ಲಿದ್ದಾರೋ ಬದುಕಿದ್ದಾರೋ.

"ನೀನೇ ಕೂಗಬೇಕು. ಹತೀಜೆಯ ಮಗ ದುರ್ಸುನ್ ಅಂತ ಕೂಗು. ಬೇರೆ ಏನಾದ್ರೂ ಕೂಗಿದ್ರೆ ನಾನು ಏಳೋದಿಲ್ಲ ನೋಡು. ಪಕ್ಕದ ಗೋರಿಯವನನ್ನ ಕರೀತಿದಾರೆ ಅಂದ್ಕೊಂಡು ಸುಮ್ನೆ ಮಲಗಿರ್ತೀನಿ."

ಪಕ್ಷದ ಸದಸ್ಯನಾಗಿ ನಾನು ಇದನ್ನೆಲ್ಲ ನಂಬುವುದಿಲ್ಲ. ಆದರೆ ಅಪ್ಪನ ಕೈ ನನ್ನ ಮಣಿಕಟ್ಟನ್ನು ಹಿಡಿದ ಬಿಗಿ ಈಗಲೂ ಹಾಗೇ ಇದೆ. ಕೂಗುತ್ತೇನೆ ಎಂದು ಮಾತು ಕೊಟ್ಟೆ. ಹೇಳಬೇಕಾದ ಮಾತುಗಳನ್ನೆಲ್ಲ ಕೂಡಿಸಿಕೊಂಡು ಹೇಳಿಕೊಟ್ಟರು, ನಾನು ಬಾಯಿಪಾಠ ಮಾಡಿದೆ. ಇಲ್ಲಿ ಬರೆಯುವಾಗಲೂ ನೆನಪಿದೆ. ಬೇರೆ ವಿಷಯದಲ್ಲಿ ಏನು ಬೇಕಾದರೂ ಅನ್ನಲಿ, ಇದೊಂದನ್ನು ತಪ್ಪಿಸುವುದಿಲ್ಲ.

ಫೆಬ್ರವರಿ ೨, ಶನಿವಾರ

ರೊಟ್ಟಿ ಅಂಗಡಿಯಲ್ಲಿ ದಂಡ ಬಿತ್ತು. ನುರಿಯೆ ಸಾಲಿನಲ್ಲಿ ಮುಂದೆ ಇದ್ದಳು. ಉಪ್ಪು ಮರೆಯಬೇಡ ನುರಿಯೆ ಎಂದು ಹಿಂದಿನಿಂದ ಕೂಗಿಬಿಟ್ಟೆ, ಅದೂ ತುರ್ಕಿಯಲ್ಲಿ. ಗೋಡೆಯ ಮೇಲೆ ಬಲ್ಗೇರಿಯನ್ ಮಾತ್ರ ಮಾತನಾಡಿ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಬರೆದುಕೊಟ್ಟವನು ನಾನೇ. ಕೋಲೆವ್ ಕರೆಸಿ, ಬೇರೆಯವರನ್ನು ಬಿಟ್ಟರೂ ನಿಮ್ಮನ್ನು ಬಿಡಲಾಗುವುದಿಲ್ಲ, ಮೇಷ್ಟರೇ ತಪ್ಪಿದರೆ ಹೇಗೆ ಎಂದ. ತಲೆ ತಗ್ಗಿಸಿ ನಿಂತೆ. ಈ ವಯಸ್ಸಿನಲ್ಲಿ, ನನ್ನ ಬಳಿ ಕಲಿತ ಗುಮಾಸ್ತನ ಎದುರು.

ಹೊರಗೆ ಬಾಯಿ ತಪ್ಪಬಾರದೆಂದರೆ ಮನೆಯಲ್ಲೇ ರೂಢಿ ಮಾಡಬೇಕು. ಮಕ್ಕಳಿಗೆ ಮಗ್ಗಿ ಕಲಿಸುವುದೂ ಹಾಗೇ. ಇವತ್ತಿನಿಂದ ಅವಳನ್ನು ಮನೆಯಲ್ಲೂ ಹೊಸ ಹೆಸರಿನಲ್ಲೇ ಕರೆಯುವುದೆಂದು ತೀರ್ಮಾನಿಸಿದ್ದೇನೆ. ನುರಿಯೆಗೆ ಹೇಳಿದೆ. ನಿಮಗೆ ಹೇಗೆ ಅನುಕೂಲವೋ ಹಾಗೆ ಎಂದಳು.

ಫೆಬ್ರವರಿ ೧೧, ಸೋಮವಾರ

ಸ್ವೆತ್ಲಾ ಎಂದು ಕರೆದರೆ ನುರಿಯೆ ತಿರುಗುವುದಿಲ್ಲ. ಬೇಕೆಂದೇ ಹಾಗೆ ಮಾಡುತ್ತಾಳೆ. ಕೇಳಿಸಲಿಲ್ಲವೇ ಎಂದರೆ, ನನ್ನನ್ನೇ ಎಂದು ಗೊತ್ತಾಗಲಿಲ್ಲ ಎನ್ನುತ್ತಾಳೆ. ಒಳಗಿನಿಂದ ಅಪ್ಪ, ಯಾರೋ ಅದು ಸ್ವೆತ್ಲಾ, ದಿನಾ ಕರೀತೀಯ, ಒಂದು ದಿನವಾದರೂ ಬಂದಿದ್ದಾಳಾ ಎಂದು ಕೇಳುತ್ತಾರೆ. ಮಾವ ಸೊಸೆ ಇಬ್ಬರೂ ಸೇರಿಕೊಂಡು ನನ್ನನ್ನು ಆಡಿಸುತ್ತಿದ್ದಾರೆ. ದಂಡ ಕಟ್ಟುವವನು ನಾನು, ಕಚೇರಿಯಲ್ಲಿ ಕೈಕಟ್ಟಿ ನಿಲ್ಲುವವನು ನಾನು, ಇವರಿಗೆ ತಮಾಷೆ.

ಅಪ್ಪನ ಔಷಧಿ ಈಗ ಹೊಸ ಗುರುತಿನ ಚೀಟಿ ತೋರಿಸದೆ ಕೊಡುವುದಿಲ್ಲ. ಆಸ್ಪತ್ರೆಯ ದಾದಿ ಕಿಟಕಿಯಿಂದ, ರೋಗಿಯ ಹೆಸರು ಜೋರಾಗಿ ಹೇಳಿ ಎನ್ನುತ್ತಾಳೆ. ಸ್ತೋಯಾನ್ ಎನ್ನುತ್ತೇನೆ. ಪಿಂಚಣಿ ಕಚೇರಿಯಲ್ಲೂ ಅದೇ. ಮೊದಮೊದಲು ಎರಡು ಸಲ ಕೇಳಿಸಿಕೊಂಡ ಮೇಲೆ ಹೇಳುತ್ತಿದ್ದೆ. ಯೋಚಿಸಿದರೆ ಅದಕ್ಕೆ ಕಾರಣವೂ ಇದೆ. ಹೆತ್ತ ಅಪ್ಪನನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ದುರ್ಸುನ್ ಎಂಬ ಶಬ್ದವನ್ನು ಈ ಬಾಯಿ ಜೋರಾಗಿ ಆಡಿದ್ದೇ ಇಲ್ಲ. ಅಪ್ಪನ ಹೆಸರು ಅಂತ ನಾನು ಕೂಗಿ ಹೇಳುತ್ತಿರುವುದೇ ಈಗ, ಆ ಕಿಟಕಿಯಲ್ಲಿ.

ಫೆಬ್ರವರಿ ೨೭, ಬುಧವಾರ

ಕೆಳಗಿನ ಓಣಿಯಲ್ಲಿ ಮನೆ ಶೋಧಿಸಿದರು. ಕುರಾನು, ಹಳೆಯ ಪತ್ರ, ತುರ್ಕಿ ಹಾಡಿನ ಗ್ರಾಮಫೋನ್ ತಟ್ಟೆ ಎಲ್ಲ ತೆಗೆದುಕೊಂಡು ಹೋದರು. ಈ ಪುಸ್ತಕ ಸಿಕ್ಕಿದರೆ ನನ್ನ ಕಥೆ ಮುಗಿಯಿತು. ಇನ್ನು ಮೇಲೆ ಇದರಲ್ಲೂ ಹೊಸ ಹೆಸರುಗಳನ್ನೇ ಬರೆಯುತ್ತೇನೆ. ಎಚ್ಚರಿಕೆಗೆ ಅಷ್ಟೇ. ಒಳಗೆ ಏನೂ ಬದಲಾಗಿಲ್ಲ.

ಏಪ್ರಿಲ್ ೨, ಮಂಗಳವಾರ

ನನ್ನನ್ನು ಉಪ ಮುಖ್ಯೋಪಾಧ್ಯಾಯನನ್ನಾಗಿ ಮಾಡಿದ್ದಾರೆ. ಇದು ನನಗೆ ಎಂದೋ ಬರಬೇಕಿದ್ದ ಹುದ್ದೆ. ಸಂತೋಷ ಹಂಚಿಕೊಳ್ಳೋಣವೆಂದರೆ ಊರಿನಲ್ಲಿ ಒಬ್ಬನೂ ಇಲ್ಲ. ದಾರಿಯಲ್ಲಿ ಝಿವ್ಕೊ ಎದುರಾದ. ನಮಸ್ಕಾರ ಹೇಳಿದರೆ ಟ್ರ್ಯಾಕ್ಟರಿನ ಚಕ್ರ ನೋಡುತ್ತ ನಿಂತ. ದೋಸ್ತಾಜ್ಜಿ ನನ್ನನ್ನು ಕಂಡು ಬಾಗಿಲು ಹಾಕಿಕೊಂಡಳು. ಅವಳ ಮೊಮ್ಮಗನಿಗೆ ಪಟ್ಟಣದ ಶಾಲೆಯಲ್ಲಿ ಜಾಗ ಕೊಡಿಸಿದವನು ನಾನು. ಉಪಕಾರ ನೆನೆಯದ ಜನ. ಇವಾನ್ ಇವಾನ್ ಎಂದು ಕರೆಸಿಕೊಂಡಿದ್ದರೆ ಬುದ್ಧಿ ಬರುತ್ತಿತ್ತು.

ಸ್ವೆತ್ಲಾ ಸುದ್ದಿ ಕೇಳಿ, ಒಳ್ಳೆಯದಾಯಿತು, ಕೋಟಿನ ತೋಳು ಹರಿದಿದೆ, ಹೊಲಿದುಕೊಡುತ್ತೇನೆ ಎಂದಳು. ಅವಳು ಈಗ ಕರೆದ ತಕ್ಷಣ ತಿರುಗುತ್ತಾಳೆ. ಏನು ಹೇಳಿದರೂ ಹೂಂ ಎನ್ನುತ್ತಾಳೆ. ತಮಾಷೆ ಮಾಡುವುದನ್ನು ಬಿಟ್ಟಿದ್ದಾಳೆ, ಮನೆಯಲ್ಲಿ ಒಂದು ಶಾಂತಿ ಇದೆ. ಹಾಗೆಂದುಕೊಂಡೇ ಎಷ್ಟೋ ಹೊತ್ತು ಕೂತಿದ್ದೆ. ಆಮೇಲೆ ಆ ಶಾಂತಿ ಸಹಿಸಲಾಗದೆ ಎದ್ದು ಹೊರಗೆ ಹೋದೆ.

ಏಪ್ರಿಲ್ ೧೪, ಭಾನುವಾರ

ಗೋರಿಗಳ ಕಡೆ ಹೋಗಿದ್ದೆ. ಕಲ್ಲುಗಳ ಮೇಲಿನ ಹೆಸರುಗಳನ್ನು ಉಳಿಯಿಂದ ಕೆತ್ತಿ ತೆಗೆದಿದ್ದಾರೆ. ಅಜ್ಜಿ ಹತೀಜೆಯ ಕಲ್ಲಿನಲ್ಲಿ ಈಗ ಒಂದು ಬಿಳಿ ಮಚ್ಚೆ ಅಷ್ಟೇ ಇದೆ. ಸತ್ತವರಿಗೆ ಯಾವ ಚೀಟಿ ಕೊಡುತ್ತಾರೋ. ಮನೆಗೆ ಬಂದಾಗ ಅಪ್ಪ, ಅಮ್ಮನ ಕಲ್ಲು ನೆಟ್ಟಗಿದೆಯಾ ಎಂದರು. ನೆಟ್ಟಗಿದೆ ಎಂದೆ. ಸುಳ್ಳೇನಲ್ಲ, ಕಲ್ಲು ನೆಟ್ಟಗೇ ನಿಂತಿದೆ.

ಏಪ್ರಿಲ್ ೨೫, ಗುರುವಾರ

ಅಪ್ಪನಿಗೆ ತೀರಾ ಆಗುತ್ತಿಲ್ಲ. ಮಧ್ಯಾಹ್ನ ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದಾಗ ಒಳಗಿನಿಂದ ಯಾರನ್ನೋ ಕರೆಯುತ್ತಲೇ ಇದ್ದರು. ಸಬ್ರಿ, ಸಬ್ರಿ ಎಂದು. ಜ್ವರದ ಬಡಬಡಿಕೆ ಇರಬೇಕು ಎಂದುಕೊಂಡೆ. ಕೊನೆಗೆ ಸ್ವೆತ್ಲಾ ಹಿಟ್ಟಿನ ಕೈಯಲ್ಲೇ ಬಂದು ನನ್ನ ಮುಂದೆ ನಿಂತಳು.

"ನಿಮ್ಮನ್ನೇ ಕರೀತಿರೋದು ರೀ."

ಗೊತ್ತು, ಏಳುತ್ತಿದ್ದೆ ಎಂದೆ. ಕೆಲಸದಲ್ಲಿ ಮುಳುಗಿದಾಗ ಹೀಗಾಗುವುದು ಸಹಜ. ಅವಳು ಅಷ್ಟು ಹೊತ್ತು ನನ್ನನ್ನು ನೋಡುತ್ತ ನಿಲ್ಲುವ ಅಗತ್ಯವಿರಲಿಲ್ಲ.

ಮೇ ೯, ಗುರುವಾರ

ವೈದ್ಯರು ಇನ್ನು ಔಷಧಿ ಬೇಡ ಎಂದರು. ಅಪ್ಪನಿಗೆ ಬುದ್ಧಿ ಚುರುಕಾಗಿಯೇ ಇದೆ. ಹತ್ತಿರ ಕರೆದು, ಕೊಟ್ಟ ಮಾತು ನೆನಪಿದೆಯಾ ಎಂದರು. ಇದೆ ಎಂದೆ. ಹೇಳಿಕೊಟ್ಟಿದ್ದನ್ನು ಒಪ್ಪಿಸು ಎಂದರು. ದೇವರು ಯಾರು, ಪ್ರವಾದಿ ಯಾರು, ಹೆದರಬೇಡ, ಎಲ್ಲವನ್ನೂ ಒಂದು ಅಕ್ಷರ ಬಿಡದೆ ಪಿಸುಮಾತಿನಲ್ಲಿ ಒಪ್ಪಿಸಿದೆ. ತಲೆ ಆಡಿಸಿದರು.

"ಈಗ ಮೊದಲಿಂದ ಹೇಳು. ಹೆಸರು ಕೂಗಿ ಹೇಳು. ಒಂದು ಸಲ ಕೇಳಿಸ್ಕೊಂಡು ಹೋಗ್ತೀನಿ."

ಕಿಟಕಿ ತೆರೆದಿತ್ತು. ಅಂಗಳದಲ್ಲಿ ದಾದಿ ಕೈ ತೊಳೆಯುತ್ತಿದ್ದಳು. ಅದೂ ಅಲ್ಲದೆ ಬದುಕಿರುವ ಅಪ್ಪನನ್ನು, ಎದುರಿಗೆ ಕೂತು, ಹೆಸರು ಹಿಡಿದು ಕೂಗುವುದು ಹೇಗೆ? ಇನ್ನೂ ಇದ್ದೀರಲ್ಲ ಅಪ್ಪ, ಆಗ ಕೂಗುತ್ತೇನೆ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಗೋಡೆಯ ಕಡೆ ತಿರುಗಿಕೊಂಡರು. ಸ್ವೆತ್ಲಾ ಬಂದು ಹಾಸಿಗೆಯ ಅಂಚಿನಲ್ಲಿ ಕೂತು, ದುರ್ಸುನ್ ಮಾವ, ನೀರು ಬೇಕಾ ಎಂದಳು. ಮಾವನ ಹೆಸರು ಹಿಡಿದು ಕರೆಯುವ ಧೈರ್ಯ ಇವಳಿಗೆ ಎಲ್ಲಿಂದ ಬಂತೋ. ದಾದಿಗೆ ಕೇಳಿಸಿದ್ದರೆ ಉತ್ತರ ಹೇಳಬೇಕಾದವನು ನಾನು.

ಮೇ ೧೨, ಭಾನುವಾರ

ಅಪ್ಪ ಹೋದರು. ನಿನ್ನೆ ಮುಂಜಾನೆ, ನಾನು ಪಕ್ಕದಲ್ಲೇ ಇದ್ದೆ. ಇವತ್ತು ಮಣ್ಣು ಮಾಡಿದೆವು.

ಕೋಲೆವ್ ತನ್ನ ಕೈಲಾದಷ್ಟು ಮಾಡಿದ. ಪ್ರಾರ್ಥನೆ ಕೂಡದು, ತುರ್ಕಿ ಕೂಡದು, ಆದರೆ ಹೆಚ್ಚು ಜನ ಸೇರದಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದ. ಸ್ಮಶಾನದ ಗೇಟಿನ ಹತ್ತಿರ ಒಬ್ಬ ಪೊಲೀಸನನ್ನು ಮಾತ್ರ ನಿಲ್ಲಿಸಿದ. ಮನೆಯಲ್ಲೇ ಬಾಗಿಲು ಹಾಕಿ ಹೆಣ ತೊಳೆದೆವು. ಬಿಳಿ ಬಟ್ಟೆ ಸ್ವೆತ್ಲಾ ಎಂದೋ ಹೊಲಿದು ಇಟ್ಟಿದ್ದಳು. ಓಣಿಯ ಗಂಡಸರು ಬಂದು ಹೆಗಲು ಕೊಟ್ಟರು. ಝಿವ್ಕೊ ಕೂಡ ಬಂದ. ನನ್ನ ಜೊತೆ ಮಾತು ಬಿಟ್ಟವನು ಅಪ್ಪನಿಗಾಗಿ ಬಂದ ಎಂದುಕೊಂಡೆ.

ಮಣ್ಣು ಹಾಕಿ ಎಲ್ಲರೂ ಹಿಂತಿರುಗಿದರು. ಪೊಲೀಸನೂ ಅವರ ಹಿಂದೆ ಹೊರಟ. ನಾನು ಮರೆತುಬಿಟ್ಟ ಟೋಪಿ ತರುವವನ ಹಾಗೆ ವಾಪಸ್ಸು ಬಂದೆ. ಯಾರಾದರೂ ನೋಡಿದರೆ ಹುದ್ದೆ ಹೋಗುತ್ತದೆ, ಹೊಜಾನನ್ನು ಒಯ್ದ ಲಾರಿ ನನಗೂ ಬರುತ್ತದೆ. ಇದನ್ನೆಲ್ಲ ತಿಳಿದೂ ಗೋರಿಯ ತಲೆಯ ಹತ್ತಿರ ಮೊಣಕಾಲೂರಿದೆ. ನಮ್ಮ ಊರಿನಲ್ಲಿ ಇಷ್ಟು ಧೈರ್ಯ ಮಾಡುವವನು ಇನ್ನೊಬ್ಬನಿಲ್ಲ. ಕೂಗಿದೆ. ಪಿಸುಗುಟ್ಟಲಿಲ್ಲ, ತುರ್ಕಿಯಲ್ಲೇ, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ಧ್ವನಿಯಲ್ಲಿ ಕೂಗಿದೆ. ಹೇಳಿಕೊಟ್ಟಿದ್ದನ್ನೆಲ್ಲ ಒಂದೂ ಮರೆಯದೆ ಹೇಳಿದೆ. ನಾಲಿಗೆ ಎಲ್ಲೂ ತಡವರಿಸಲಿಲ್ಲ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಬಗ್ಗೆ ನನಗೇ ಗೌರವ ಬಂತು, ಕಣ್ಣಲ್ಲಿ ನೀರೂ ಬಂತು.

ಎದ್ದು ನೋಡಿದರೆ ಝಿವ್ಕೊ ಹಿಪ್ಪುನೇರಳೆ ಮರದ ಕೆಳಗೆ ನಿಂತಿದ್ದ. ಎಲ್ಲವೂ ಕೇಳಿಸಿರಬೇಕು. ದೂರು ಕೊಡುವವನಲ್ಲ ಅವನು. ಮೆಚ್ಚುಗೆಯ ಒಂದು ಮಾತು ಆಡಿಯಾನು ಎಂದುಕೊಂಡೆ. ಅವನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ನನ್ನನ್ನು ದಾಟಿಕೊಂಡು ಹೋದ. ಗೇಟಿನ ಹತ್ತಿರ ನಿಂತು ತಿರುಗಿ ನೋಡಿದೆ. ನಾನು ಮೊಣಕಾಲೂರಿದ್ದಲ್ಲೇ ಅವನೂ ಊರಿದ್ದ, ಬಾಯನ್ನು ಮಣ್ಣಿನ ಹತ್ತಿರ ಒಯ್ದು ಏನೋ ಹೇಳುತ್ತಿದ್ದ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುವಂತಿತ್ತು. ನಾನು ಕೂಗಿ ಆಗಿತ್ತು, ಒಬ್ಬರು ಕೂಗಿದ ಮೇಲೆ ಇನ್ನೊಬ್ಬರು ಕೂಗುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಅಪ್ಪನ ಗೋರಿಯ ಮೇಲೂ ಇವನಿಗೆ ನನ್ನ ಜೊತೆ ಸ್ಪರ್ಧೆ.

ಮನೆಗೆ ಬಂದೆ. ಸ್ವೆತ್ಲಾ ಬಾಗಿಲಲ್ಲೇ ಕಾದಿದ್ದಳು. ಕೂಗಿದಿರಾ ಎಂದು ಕೇಳಿದಳು. ಕೂಗಿದೆ, ಕೊಟ್ಟ ಮಾತು ಉಳಿಸಿಕೊಂಡೆ ಎಂದೆ. ಏನೆಂದು ಕೂಗಿದಿರಿ, ನನಗೂ ಕೇಳಬೇಕು ಎಂದಳು. ಪಾಪ, ಹೆಂಗಸರು ಗೋರಿಯ ಹತ್ತಿರ ಬರುವ ಹಾಗಿಲ್ಲವಲ್ಲ. ಬಾಗಿಲು ಹಾಕಿ, ಅವಳನ್ನು ಕೂರಿಸಿ, ಅಲ್ಲಿ ಕೂಗಿದ ಹಾಗೆಯೇ ಕೂಗಿ ತೋರಿಸಿದೆ:

"ಏಳಪ್ಪ, ಹತೀಜೆಯ ಮಗ ಸ್ತೋಯಾನ್, ಏಳು. ನಿನ್ನನ್ನೇ ಕರೀತಿದೀನಿ."